ಸಿಪ್ಪೆ ಸುಲಿದ ಮಾತ್ರೆ

ಸಿಪ್ಪೆಯ ಮೇಲೆ ನನಗೆ ಮೊದಲಿನಿಂದಲೂ ಅಷ್ಟಾಗಿ ಗೌರವವಿಲ್ಲ. ಮಾದಾಪುರದ ಹತ್ತಿರ ಮೂರು ಎಕರೆ ಕಾಫಿ ತೋಟವಿರುವ ಈ ಮನೆಗೆ ಸೊಸೆಯಾಗಿ ಬಂದ ಮೇಲಂತೂ ಇದ್ದ ಚೂರೂ ಹೊರಟುಹೋಯಿತು. ಕಾಫಿ ಹಣ್ಣು ನೋಡಲು ಎಷ್ಟೇ ಕೆಂಪಗೆ ಚೆಂದವಿರಲಿ, ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಿ ತಿರುಗಿಸಿದರೆ ಆ ಚೆಂದವೆಲ್ಲ ಒಂದು ಕಡೆ ಬಿದ್ದು ಗೊಬ್ಬರದ ಗುಂಡಿಗೆ ಹೋಗುತ್ತದೆ. ಉಳಿದ ಬೀಜದ ಲೋಳೆ ತೊಳೆಯಬೇಕು, ಕಣದಲ್ಲಿ ಒಣಗಿಸಬೇಕು, ಮೇಲಿನ ಹೊಟ್ಟನ್ನೂ ತೆಗೆಸಬೇಕು. ಅಷ್ಟು ಸುಲಿದ ಮೇಲೆ ಸಿಗುವುದೇ ಅಸಲಿ ಮಾಲು. ನಲವತ್ತು ವರ್ಷ ಇದನ್ನೇ ಮಾಡಿದ ಕೈಗೆ ಡಾಕ್ಟರು ಒಂದು ಕ್ಯಾಪ್ಸೂಲ್ ಕೊಟ್ಟರೆ ಕೈ ಸುಮ್ಮನಿದ್ದೀತೇ?

ಎರಡು ತಿಂಗಳಿಂದ ನನಗೆ ಎದೆಯುರಿ. ಉಂಡರೂ ಉರಿ, ಉಣ್ಣದಿದ್ದರೂ ಉರಿ. ಮಡಿಕೇರಿಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಹದಿನೈದು ದಿನ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದೊಂದು ತಗೊಳ್ಳಿ. ಅಲ್ಲೀವರೆಗೆ ಕಾಫಿ ಮುಟ್ಟಬೇಡಿ. ಉರಿ ಹೋದ್ರೆ ಕಾಫಿ ವಿಚಾರ ಮಾತಾಡೋಣ. ಹೋಗ್ಲಿಲ್ಲ ಅಂದ್ರೆ ಟ್ಯೂಬ್ ಹಾಕಿ ಒಳಗೆ ನೋಡ್ಬೇಕಾಗುತ್ತೆ" ಎಂದರು. ಟ್ಯೂಬಿಗೆ ನಾನು ಹೆದರಲಿಲ್ಲ. ಮೂರು ಹೆತ್ತವಳಿಗೆ ಅದೆಲ್ಲ ಯಾವ ಲೆಕ್ಕ? ಆದರೆ ಕಾಫಿ! ಮದುವೆಯಾದ ಮಾರನೆಯ ಬೆಳಿಗ್ಗೆಯಿಂದ ಅವತ್ತಿನವರೆಗೆ ಆ ಲೋಟ ತಪ್ಪಿದ ದಿನ ನೆನಪಿಲ್ಲ. ನಮ್ಮ ಯಜಮಾನರು ನನ್ನೆದುರೇ ಕೂತು, ಸೊರ್ ಎಂದು ಒಂದು ಗುಟುಕು ಎಳೆದು, "ಕಾಫಿ ಬೆಳೆಯೋರ ಮನೇಲಿ ಜೀರಿಗೆ ನೀರು ಕುಡಿಯೋಳು ನೀನೊಬ್ಳೇ ಕಣೆ" ಎಂದರು. ಆವತ್ತೇ ತೀರ್ಮಾನ ಮಾಡಿದೆ: ಈ ಔಷಧಿಯನ್ನು ಒಂದು ಕಣವೂ ವ್ಯರ್ಥವಾಗದ ಹಾಗೆ ತೆಗೆದುಕೊಳ್ಳಬೇಕು.

ಕ್ಯಾಪ್ಸೂಲ್ ತಿರುಚಿದೆ. ಮೇಲಿನ ಅರ್ಧ ಟೊಪ್ಪಿಗೆಯಂತೆ ಕಳಚಿ ಬಂತು. ಒಳಗೆ ಸಾಸಿವೆಗಿಂತ ಸಣ್ಣ ಬಿಳಿ ಗುಂಡುಗಳು. ಓಹೋ, ಬೀಜ ಸಿಕ್ಕಿತು! ಸಿಪ್ಪೆಯನ್ನು ಆಚೆ ಎಸೆದೆ. ಆದರೆ ಆ ಗುಂಡುಗಳ ಮೇಲೂ ಏನೋ ನುಣುಪು. ಬೀಜದ ಮೇಲೆ ಹೊಟ್ಟು ಇರುತ್ತದಲ್ಲ, ಹಾಗೆ. ನನ್ನ ಮೂರು ಮಕ್ಕಳಿಗೂ ಬಜೆ, ಜಾಯಿಕಾಯಿ ತೇದು ನೆಕ್ಕಿಸಿದ ಕಲ್ಲು ಮನೆಯಲ್ಲೇ ಇದೆ. ಅದರ ಮೇಲೆ ಹಾಕಿ, ಎರಡು ತೊಟ್ಟು ಜೇನು ಬಿಟ್ಟು, ನುಣ್ಣಗೆ ತೇದು ನೆಕ್ಕಿದೆ. ಹೀಗೆ ಎಂಟು ದಿನ. ಉರಿ ಮಾತ್ರ ಒಂದಿಷ್ಟೂ ಜಗ್ಗಲಿಲ್ಲ. ಡಾಕ್ಟರ ಮೇಲೇ ಅನುಮಾನ ಬರತೊಡಗಿತು.

ಒಂಬತ್ತನೆಯ ದಿನ ಮೊಮ್ಮಗಳು ನಿತ್ಯಾ ರಜೆಗೆ ಬಂದಳು. ಮಗನ ಮಗಳು. ಸಂಪಾಜೆ ಘಾಟಿ ಇಳಿದು ಆಚೆ ಒಂದು ಕಾಲೇಜಿನಲ್ಲಿ ಔಷಧಿ ಮಾಡುವ ವಿದ್ಯೆ ಓದುತ್ತಾಳೆ, ಎರಡನೇ ವರ್ಷ. ಇದನ್ನು ನಾನು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳುತ್ತೇನೆ. ಕೂರದೆ ನಿಂತವರಿಗೂ ಹೇಳಿದ್ದುಂಟು. ಅವಳು ಚೀಲ ಇಳಿಸಿ ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಅಜ್ಜೀ, ಏನದು ತೇಯ್ತಿರೋದು?"

"ಔಷಧಿ ಕಣವ್ವಾ."

"ಯಾವ್ ಬೇರು?"

"ಬೇರಲ್ಲ ಕಣೇ, ಡಾಕ್ಟ್ರು ಕೊಟ್ಟ ಮಾತ್ರೆ. ಸಿಪ್ಪೆ ತೆಗ್ದೆ."

ಹುಡುಗಿ ಮಾತ್ರೆಯ ಹಾಳೆ ಎತ್ತಿ ಹೆಸರು ಓದಿ, ಹಣೆಗೆ ಕೈಯಿಟ್ಟು ನೆಲದ ಮೇಲೇ ಕೂತುಬಿಟ್ಟಳು. "ಅಯ್ಯೋ ಅಜ್ಜಿ! ಆ ಸಿಪ್ಪೇನೇ ಅಲ್ವಾ ಅದರ ಜೀವ! ನಿನ್ ಹೊಟ್ಟೇಲಿರೋ ಆಸಿಡ್ ಈ ಮದ್ದನ್ನ ಕಂಡ ತಕ್ಷಣ ಕೊಂದ್ ಹಾಕುತ್ತೆ. ಅದಕ್ಕೇ ಗುಂಡುಗಳ ಮೇಲೆ ಆ ನುಣುಪು ಬಳಿದಿರೋದು. ಅದು ಹೊಟ್ಟೇಲಿ ಕರಗಲ್ಲ, ಕರುಳಿಗೆ ಹೋದ ಮೇಲೇ ಕರಗೋದು."

"ಉರಿ ಇರೋದು ಹೊಟ್ಟೇಲಿ, ಇದ್ಯಾಕೆ ಕರುಳಿಗೆ ಹೋಗ್ಬೇಕು? ದಾರಿ ತಪ್ತಾ?"

"ಕೇಳು. ಕರುಳಿಂದ ರಕ್ತಕ್ಕೆ ಸೇರುತ್ತೆ. ರಕ್ತದ ಜೊತೆ ಸುತ್ತಿ ಸುತ್ತಿ ಹೊಟ್ಟೆ ಗೋಡೆಗೆ ಹಿಂದುಗಡೆಯಿಂದ ಬರುತ್ತೆ. ಅಲ್ಲಿ ಆಸಿಡ್ ಪಂಪ್ ಮಾಡೋ ಸಣ್ಣ ಸಣ್ಣ ಪಂಪ್‌ಗಳಿವೆ. ಮುಂದುಗಡೆ ಅದನ್ನ ಕೊಲ್ಲೋ ಆಸಿಡ್ಡೇ ಅಲ್ಲಿ ಅದನ್ನ ಎಬ್ಬಿಸುತ್ತೆ. ಎದ್ದಿದ್ದೇ ಪಂಪಿಗೆ ಅಂಟ್ಕೊಂಡು ಬೀಗ ಹಾಕುತ್ತೆ."

ನಾನು ಕಲ್ಲನ್ನು ಪಕ್ಕಕ್ಕಿಟ್ಟೆ. ಮೈ ಜುಮ್ಮೆಂದಿತು. ಮುಂಬಾಗಿಲಲ್ಲಿ ಹೊಡೆಯಲು ನಿಂತ ವೈರಿಯೇ ಹಿತ್ತಿಲ ಬಾಗಿಲಲ್ಲಿ ಎಬ್ಬಿಸಿ ಬೀಗದ ಕೈ ಕೊಡುವುದೆಂದರೆ! "ಅಷ್ಟು ಸಣ್ಣ ಕಾಳಿಗೆ ದಾರಿ ಹೇಗೆ ಗೊತ್ತಾಯ್ತೇ?" ಎಂದೆ.

"ಗೊತ್ತಿಲ್ಲ ಅಜ್ಜಿ. ಮೈಯೆಲ್ಲ ತಿರುಗುತ್ತೆ. ಹುಳಿ ಜಾಸ್ತಿ ಇದ್ದ ಕಡೆ ಎಚ್ಚರ ಆಗುತ್ತೆ, ಅಷ್ಟೇ. ನೋವಿನ ಮಾತ್ರೇನೂ ಹಾಗೇ, ಮೈಯೆಲ್ಲ ಸುತ್ತುತ್ತೆ."

ಇದು ನನಗೆ ಎರಡನೇ ಪೆಟ್ಟು. ಮಂಡಿನೋವಿಗೆ ಮಾತ್ರೆ ನುಂಗುವಾಗಲೆಲ್ಲ ನಾನು ಎಡಗಾಲನ್ನು ನೀಟಾಗಿ ಚಾಚಿ ಕೂರುತ್ತಿದ್ದೆ, ಮಾತ್ರೆಗೆ ಇಳಿಯಲು ಸಲೀಸಾಗಲಿ ಎಂದು. ಒಮ್ಮೆ ಮರೆತು ಬಲಗಾಲು ಚಾಚಿದ್ದಕ್ಕೆ ಇನ್ನೊಂದು ನುಂಗೋಣವೇ ಎಂದೂ ಯೋಚಿಸಿದ್ದೆ. ಇದನ್ನು ಮಾತ್ರ ನಿತ್ಯಾಗೆ ಹೇಳಲಿಲ್ಲ. ನಿಮಗೆ ಹೇಳಿದ್ದೇನೆ, ನಿಮ್ಮಲ್ಲೇ ಇರಲಿ.

ಮಾರನೆಯ ಬೆಳಿಗ್ಗೆ ಅವಳೇ ಎದುರು ನಿಂತು ಇಡೀ ಕ್ಯಾಪ್ಸೂಲ್ ನುಂಗಿಸಿದಳು. ಅರ್ಧ ಗಂಟೆ ಬಿಟ್ಟು ತಿಂಡಿ. ನಾನು ಕಣ್ಣು ಮುಚ್ಚಿ ಕೂತು ಅದರ ಹಿಂದೆಯೇ ಹೋದೆ. ಈಗ ಹೊಟ್ಟೆ ದಾಟಿತು, ಈಗ ಕರುಳು, ಈಗ ರಕ್ತ. "ಪೂಜೆಗೆ ಕೂತ್ಯೇನೇ?" ಎಂದು ಯಜಮಾನರು ಕೇಳಿದರು. ಅದೂ ಪೂಜೆಯೇ ಅನ್ನಿ. ಯಾರೋ ನಾನು ಕಣ್ಣಲ್ಲೂ ಕಾಣದವರು, ನನ್ನ ಹೆಸರೂ ಗೊತ್ತಿಲ್ಲದವರು, ಎಲ್ಲೋ ಕೂತು, ಮಾದಾಪುರದ ಒಬ್ಬ ಮುದುಕಿಯ ಹೊಟ್ಟೆಯೊಳಗೆ ಯಾವ ಬಾಗಿಲಿಗೆ ಯಾವ ಬೀಗ ಎಂದು ಯೋಚಿಸಿದ್ದಾರೆ. ಅದನ್ನು ಬಿಡಿಸಿ ಹೇಳಲು ನನ್ನದೇ ಮೊಮ್ಮಗಳಿದ್ದಾಳೆ. ಕಣ್ಣು ತುಂಬಿತು. ನಾಲ್ಕನೇ ದಿನಕ್ಕೆ ಉರಿ ತಗ್ಗಿತು. ಆರನೇ ದಿನ ಹುಡುಕಿದರೂ ಇಲ್ಲ.

ಮಡಿಕೇರಿಗೆ ನಿತ್ಯಾ ಜೊತೆಯಲ್ಲಿ ಬಂದಳು. "ಒಳಗೆ ನಾನೊಬ್ಳೇ ಹೋಗ್ತೀನಿ" ಎಂದು ಅವಳನ್ನು ಬೆಂಚಿನ ಮೇಲೆ ಕೂರಿಸಿದೆ. ಡಾಕ್ಟರು, "ಹೇಗಿದ್ದೀರಮ್ಮ, ಉರಿ?" ಎಂದದ್ದೇ ತಡ, ಶುರುಮಾಡಿದೆ. ಪಲ್ಪರ್‌ನಿಂದ ಹಿಡಿದು ತೇಯುವ ಕಲ್ಲು, ನುಣುಪು, ಕರುಳು, ರಕ್ತ, ಹಿತ್ತಿಲ ಬಾಗಿಲು, ಬೀಗ, ಏನೂ ಬಿಡಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ನರ್ಸಮ್ಮ ಎರಡು ಸಲ ಇಣುಕಿ ಹೋದರು. ಕೊನೆಗೆ ಡಾಕ್ಟರು ಎದ್ದು ಕೈಮುಗಿದು, "ಅಮ್ಮಾ, ಟ್ಯೂಬ್ ಬೇಡ. ಮಾತ್ರೆ ಇನ್ನೊಂದು ವಾರ ಮುಂದುವರಿಸಿ. ನಾನು ನಾಳೆಯಿಂದ ಊರಲ್ಲಿರಲ್ಲ, ಸೋಮವಾರ ಬರ್ತೀನಿ. ನಿಮ್ಮ ಮೊಮ್ಮಗಳನ್ನ ಕೇಳಿದೆ ಅಂತ ಹೇಳಿ" ಎಂದರು. ನೆಲದ ಮೇಲೆ ಕಾಲಿಲ್ಲದ ಹಾಗೆ ಹೊರಗೆ ಬಂದೆ.

ಬಸ್ಸು ಮಾದಾಪುರಕ್ಕೆ ಬಂದು ನಿಲ್ಲುವಾಗ ನಿತ್ಯಾ ಕೇಳಿದಳು, "ಅಜ್ಜಿ, ಕಾಫಿ ಕುಡೀಬಹುದಂತಾ?"

ನಾನು ಚೀಲ ಹುಡುಕುವವಳ ಹಾಗೆ ಸೀಟಿನ ಕೆಳಗೆ ಬಗ್ಗಿದೆ.

"ಡಾಕ್ಟ್ರನ್ನ ಕೇಳ್ಲೇ ಇಲ್ವಾ?" ಎಂದಳು. ಆಮೇಲೆ ಎಷ್ಟು ಗೋಗರೆದರೂ, "ಡಾಕ್ಟ್ರು ಹೇಳೋವರೆಗೆ ಇಲ್ಲ" ಎಂದುಬಿಟ್ಟಳು. ವಿದ್ಯೆ ಕಲಿತ ಮಕ್ಕಳಿಗೆ ಕರುಣೆ ಕಡಿಮೆ.

ಇವತ್ತು ಬುಧವಾರ. ಎದುರಿಗೆ ಯಜಮಾನರು ಸೊರ್ ಎನ್ನಿಸುತ್ತಿದ್ದಾರೆ. ಒಂದು ಮಾತ್ರೆ ಬಾಯಿಂದ ಹೊರಟು, ಮೈಯೆಲ್ಲ ಸುತ್ತಿ, ಸರಿಯಾದ ಬಾಗಿಲಿಗೆ ಹೇಗೆ ತಲುಪುತ್ತದೆ ಎಂಬುದನ್ನು ಈಗ ಯಾರು ಕೇಳಿದರೂ ನಾನು ಹೇಳಬಲ್ಲೆ. ಒಂದು ಲೋಟ ಕಾಫಿ ಆ ಒಲೆಯಿಂದ ನಾಲ್ಕು ಮಾರು ದಾಟಿ ನನ್ನ ಬಾಯಿಗೆ ಹೇಗೆ ತಲುಪುತ್ತದೆ ಎಂಬುದು ಮಾತ್ರ ಸೋಮವಾರದವರೆಗೆ ನನಗೆ ತಿಳಿಯುವಂತಿಲ್ಲ.