ಇಳಿಸಿ ತಂದ ಸೀಟು

ಬೇತಮಂಗಲದ ಸೀನಪ್ಪ ಹಸು ವ್ಯಾಪಾರದಲ್ಲಿ ಯಾರ ಕೈಲೂ ಮೋಸ ಹೋದವನಲ್ಲ. ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಇಳಿಸುವುದರಲ್ಲಿ ಅವನು ಸಾಕ್ಷಾತ್ ಚಕ್ರವರ್ತಿ. ಹಾಗಾಗಿ ಮಗಳು ಚಂದನ ಪಿಯುಸಿ ಮುಗಿಸಿ ನರ್ಸಿಂಗ್ ಓದುತ್ತೇನೆಂದಾಗ, ಕಾಲೇಜನ್ನೂ ನಾಲ್ಕು ಕಡೆ ಹೋಲಿಸಿ, ಇಳಿಸಿಯೇ ತರಬೇಕೆಂದು ತೀರ್ಮಾನಿಸಿದ.

“ಸರ್ಕಾರಿ ಸೀಟಿಗೆ ಅರ್ಜಿ ಆಕಿದೀನಲ್ಲಪ್ಪ, ಲಿಸ್ಟು ಬರ್ಲಿ,” ಎಂದಳು ಚಂದನ.

“ಅದು ಬರೋಷ್ಟ್ರಲ್ಲಿ ಎಲ್ಲಾ ಕಡೆ ಖಾಲಿಯಾಗಿರ್ತದೆ ಕಣಮ್ಮ.”

ಸೀಮೆಹಸು ಮಾರಿದ ದುಡ್ಡನ್ನೂ ಮಗಳ ಮಾರ್ಕ್ಸ್ ಕಾರ್ಡುಗಳನ್ನೂ ಚೀಲಕ್ಕೆ ಹಾಕಿಕೊಂಡು ಬಂಗಾರಪೇಟೆ, ಕೋಲಾರ ಎಲ್ಲ ಸುತ್ತಿದ. ನರ್ಸಿಂಗ್ ವರ್ಷಕ್ಕೆ ಒಂದೂಕಾಲು ಲಕ್ಷ. ಫಿಸಿಯೋಥೆರಪಿ ಅದಕ್ಕೂ ಮೇಲೆ. (ಕೈಕಾಲು ನೀವುವುದಕ್ಕೆ ಇಷ್ಟು ದುಡ್ಡೇ ಎಂದು ಪ್ರಿನ್ಸಿಪಾಲರನ್ನೇ ಕೇಳಿ ಬೈಸಿಕೊಂಡ.) ಎಲ್ಲೂ ಒಂದು ರೂಪಾಯಿ ಬಿಡಲಿಲ್ಲ. ಸೀನಪ್ಪನಿಗೆ ಊಟ ಸೇರದಾಯಿತು.

ಕೊನೆಗೆ ಹೊಸಕೋಟೆ ದಾರಿಯ ಒಂದು ಕಾಲೇಜಿನಲ್ಲಿ ಗುಮಾಸ್ತ ಶ್ರೀಧರ್ ನಗುನಗುತ್ತ ಕೂರಿಸಿ ಕಾಫಿ ಕೊಟ್ಟ.

“ನರ್ಸಿಂಗ್‌ಗೆ ಆಗಲ್ಲ ಯಜಮಾನ್ರೆ. ಡಯಾಲಿಸಿಸ್ ಟೆಕ್ನಾಲಜಿಗಾದ್ರೆ ಇಪ್ಪತ್ತು ಸಾವಿರ ಇಳಿಸ್ತೀನಿ. ಇವತ್ತೇ ಅಸಲು ಮಾರ್ಕ್ಸ್ ಕಾರ್ಡ್ ಕೊಟ್ಟು ದುಡ್ಡು ಕಟ್ಟಬೇಕು.”

‘ಇಳಿಸ್ತೀನಿ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸೀನಪ್ಪನ ಕೈ ಚೀಲಕ್ಕೆ ಹೋಯಿತು.

“ಇಪ್ಪತ್ತು ಸಾವಿರ ಇಳಿಸ್ದೆ,” ಎಂದು ಮನೆಗೆ ಬಂದು ಜಗುಲಿಯ ಮೇಲೆ ಪಟ್ಟಾಭಿಷಿಕ್ತನಾದ.

“ಏನು ಓದೋಕೆ?” ಎಂದಳು ಹೆಂಡತಿ ಚಿಕ್ಕವೆಂಕಟಮ್ಮ.

“ಅದೇ… ಡಯಾ… ಆಸ್ಪತ್ರೇದೇ ಕಣೇ.”

“ಕೂಸು ಕೇಳಿದ್ದು ನರ್ಸಿಂಗು.”

“ಅದ್ರಲ್ಲಿ ಇಳಿಸ್ನಿಲ್ಲ ಅವ್ರು.”

“ಸೀರೆ ತತ್ತೀನಂತ ಓಗಿ, ಕಮ್ಮಿಗೆ ಸಿಕ್ತು ಅಂತ ಪಂಚೆ ತಂದಂಗಾಯ್ತು,” ಎಂದು ಅವಳು ಒಳಗೆ ನಡೆದಳು. ಚಂದನ ಅಪ್ಪನ ಮುಂದೆ ನೀರಿನ ಚೊಂಬಿಟ್ಟು ಕೊಟ್ಟಿಗೆಗೆ ಹೋದಳು.

ಮುಂದಿನ ವಾರ ಲಿಸ್ಟು ಬಂತು. ಚಂದನಳಿಗೆ ಸರ್ಕಾರಿ ನರ್ಸಿಂಗ್ ಸೀಟು ಸಿಕ್ಕಿತ್ತು. ಅದರ ಫೀಸು ಸೀನಪ್ಪ ಕಾಲೇಜು ಸುತ್ತುತ್ತ ಬಸ್ಸಿಗೂ ಬೋಂಡಕ್ಕೂ ಸುರಿದದ್ದಕ್ಕಿಂತ ತುಸು ಹೆಚ್ಚು, ಅಷ್ಟೆ. ಆದರೆ ಸೇರಲು ಶ್ರೀಧರ್ ಬಳಿ ಉಳಿದ ಅಸಲು ಮಾರ್ಕ್ಸ್ ಕಾರ್ಡು ಬೇಕು. ಅಪ್ಪ ಮಗಳು ಹೊಸಕೋಟೆ ದಾರಿಗೆ ಓಡಿದರು.

ಶ್ರೀಧರ್ ಈ ಸಲ ಕಾಫಿ ಹೇಳಲಿಲ್ಲ. “ಮೂರೂ ವರ್ಷದ ಫೀಸು ಕಟ್ಟಿ, ಕಾರ್ಡು ತಗೊಂಡೋಗಿ.”

ಸೀನಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈ ಮುಗಿದ. “ಏನಾನ ಇಳಿಸಿ ಸೋಮಿ.”

“ಇಳಿಸೋದು ಸೇರೋರಿಗೆ ಯಜಮಾನ್ರೆ. ಬಿಡೋರಿಗಲ್ಲ.”

ದಿನವೆಲ್ಲ ಬಾಗಿಲಲ್ಲಿ ಕಾದರೂ ಕಾರ್ಡು ಬರಲಿಲ್ಲ. ಸರ್ಕಾರಿ ಸೀಟಿಗೆ ಸೇರುವ ಗಡುವು ಅಂದೇ ಮುಗಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಸೀನಪ್ಪ ಮೊದಲ ಬಾರಿಗೆ ಮಗಳನ್ನು ಕೇಳಿದ: “ಆ ಡಯಾಲಿಸಿಸ್ ಅಂದ್ರೆ ಏನಮ್ಮ?”

“ಮೈಯಲ್ಲಿರೋ ರಕ್ತ ಒರಗೆ ತೆಗೆದು, ಸೋಸಿ, ತಿರ್ಗ ಒಳಕ್ಕೆ ಬಿಡೋದಪ್ಪ.”

(ಸೀನಪ್ಪನಿಗೆ ಮೊದಲ ಭಾಗ ಮಾತ್ರ ಚೆನ್ನಾಗಿ ಅರ್ಥವಾಯಿತು.)

ಚಿಕ್ಕವೆಂಕಟಮ್ಮ ಹೊಸಿಲಲ್ಲೇ ನಿಂತಿದ್ದಳು. “ಈ ಸಲ ಎಷ್ಟು ಇಳಿಸ್ದೆ?”

ಅವನು ಬಾಯಿ ತೆರೆಯುವ ಮೊದಲೇ ಚಂದನ ಹೇಳಿದಳು: “ದರ್ಜಿ ತಾವ ಬಿಳಿ ಕೋಟು ಒಲಿಸ್ಬೇಕಮ್ಮ. ಸೋಮವಾರ ಕಾಲೇಜು ಶುರು.”