ಹೆಪ್ಪಿಗೊಂದು ಹಾಫ್ ಟಿಕೆಟ್

ನನ್ನ ನಾದಿನಿ ಯಾರನ್ನೂ ಮುಖ ನೋಡಿ ಮಾತಾಡಿಸಿದವಳಲ್ಲ; ಅವಳ ಕಣ್ಣು ನೇರ ಹೊಟ್ಟೆಗೇ! ಬನಹಟ್ಟಿಯ ಒಂದು ಮದುವೆಯಲ್ಲಿ ಗುರುತು ಪರಿಚಯವಿಲ್ಲದ ಬೀಗರನ್ನು ನಿಲ್ಲಿಸಿ, "ಮುಂಜಾನೆ ಹೊಟ್ಟಿ ಸಾಫ್ ಆತೇನ್ರಿ?" ಅಂದುಬಿಟ್ಟಳು. ನಾನೋ ಕಾನ್ವೆಂಟಿನವಳು. ನಮ್ಮ ಸಿಸ್ಟರುಗಳು 'ಸ್ಟಮಕ್' ಎಂಬ ಶಬ್ದವನ್ನೇ ಪಿಸುಗುಟ್ಟಿ ಹೇಳುತ್ತಿದ್ದರು! ನಾಚಿ ಕಂಬದ ಹಿಂದೆ ಸರಿದೆ. ಬೀಗರು ಸಿಟ್ಟಾದರೇ? ಎಲ್ಲಿ ಬಂತು! ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ತನಕ ತಮ್ಮ ಗ್ಯಾಸಿನ ಕಥೆಯನ್ನು ಪೂರಾ ಹೇಳಿಕೊಂಡರು.

"ಹೊಟ್ಟ್ಯಾಗ ಒಂದು ಊರೈತ್ರಿ ವೈನೀ," ಎನ್ನುತ್ತಿದ್ದಳು. "ಆ ಊರಾಗ ಜಗಳಾತಂದ್ರ ಎದಿಗೂ ನಿದ್ದಿ ಇಲ್ಲ, ತಲಿಗೂ ಇಲ್ಲ." ಅದಕ್ಕೆ ಅವಳ ಮದ್ದು ಒಂದೇ, ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ಬೀಳಗಿ ಕಡೆಯ ಅವರ ಹಳೆಯ ಊರಿಗೆ ಡ್ಯಾಮಿನ ಹಿನ್ನೀರು ಬಂದಾಗ ಉಳಿದವರು ಬಾಗಿಲು, ತೊಲೆ ಕಿತ್ತುಕೊಂಡು ಹೊರಟರೆ, ಈ ಮಹಾರಾಯ್ತಿ ಅತ್ತೆಯ ಕಾಲದ ಮೊಸರಿನ ಹೆಪ್ಪನ್ನು ಗಡಿಗೆಯಲ್ಲಿಟ್ಟು ಎದೆಗವಚಿಕೊಂಡು ನಡೆದಳು!

ನಮ್ಮ ಯಜಮಾನರಿಗೆ ಹಾರ್ಟ್ ಅಟ್ಯಾಕ್ ಆಯಿತು. ಜೀವವೇನೋ ಉಳಿಯಿತು, ಬದುಕುವ ಆಸೆ ಉಳಿಯಲಿಲ್ಲ. ಜಮಖಂಡಿಯ ಮನೆಗೆ ಬಂದವರು ಗೋಡೆಗೆ ಮುಖ ಮಾಡಿ ಕೂತರು. ಮಾತಿಲ್ಲ, ಊಟವೆಂದರೆ ಎರಡು ತುತ್ತು. ಮಾತ್ರೆ ನುಂಗಿಸುವುದೇ ದಿನಾ ಒಂದು ಬ್ಯಾಟಲ್.

ಸುದ್ದಿ ಕೇಳಿ ನಾದಿನಿ ಗಡಿಗೆ ಸಮೇತ ಬಸ್ಸು ಹತ್ತಿದಳು.

"ಅಷ್ಟ್ಯಾಕ ಜ್ವಾಕಿ ಮಾಡಾಕತ್ತೀ ಬೇ ಯವ್ವಾ? ಜೀವಂತ ಐತೇನು ಅದರಾಗ?" ಎಂದನಂತೆ ಕಂಡಕ್ಟರ್.

"ಹೂಂ ಮತ್ತ! ಹೆಪ್ಪು ಜೀವಂತನ ಇರತೈತಿ. ಹಾಫ್ ಟಿಕೆಟ್ ಕೊಡಪಾ!"

ಮನೆಯ ಬಾಗಿಲಲ್ಲಿ ಗಡಿಗೆ ನೋಡಿದ್ದೇ ನಾನು ಕೂಗಾಡಿದೆ: "ವಾಟ್ ಅಬೌಟ್ ಹೈಜೀನ್?"

"ವೈನೀ, ನಿಮ್ಮ ಫ್ರಿಜ್ಜಿನ್ಯಾಗ ಹುಳಾನೂ ಬದುಕೂದಿಲ್ಲ. ಅಣ್ಣ ಹೆಂಗ ಬದುಕ್ಯಾನು?"

ಚೆಕಪ್ಪಿಗೆ ಹೋದಾಗ ಅವಳ ಅಂಬಲಿ, ಹೊಟ್ಟೆಯೊಳಗಿನ ಊರು, ಎಲ್ಲದರ ಮೇಲೂ ಡಾಕ್ಟರಿಗೇ ಕಂಪ್ಲೇಂಟ್ ಕೊಟ್ಟೆ. ಆ ಹುಡುಗ ನಕ್ಕ! "ಪೂರಾ ಸುಳ್ಳಲ್ರಿ. ಹೊಟ್ಟಿಯ ಸೂಕ್ಷ್ಮಜೀವಿ, ಇಮ್ಯುನಿಟಿ, ಹಾರ್ಟು, ಮನಸ್ಸು, ಇವಕ್ಕ ಒಳಗೊಳಗ ಸಂಬಂಧ ಐತಿ. ಆದ್ರ ಗುಳಿಗಿ ಬಿಡಬ್ಯಾಡ್ರಿ. ಅಂಬಲಿಗೆ ಉಪ್ಪು ಕಡಿಮಿ ಹಾಕ್ರಿ."

"ಈ ಹುಡುಗ ಛಲೋ ಓದ್ಯಾನ್ರಿ ವೈನೀ," ಎಂದು ನಾದಿನಿ ಡಾಕ್ಟರನ್ನು ಪಾಸು ಮಾಡಿದಳು!

ಅಂದಿನಿಂದ ಬೆಳಗಾದರೆ ಅಣ್ಣನ ಎದುರು ಎರಡು ಬಟ್ಟಲು ಅಂಬಲಿ ಇಟ್ಟು ಕೂರುವಳು. ಎಮ್ಮೆ ಕರು ಹಾಕಿದ್ದು, ಕಬ್ಬಿಗೆ ಹಂದಿ ನುಗ್ಗಿದ್ದು, ನೆರೆಮನೆಯವಳ ಅಜೀರ್ಣ, ಎಲ್ಲದರ ವರದಿ. ಅವರು ಎರಡು ಗುಟುಕು ಕುಡಿದು ಮತ್ತೆ ಗೋಡೆಗೆ ತಿರುಗುವರು. ಅವಳ ಬಟ್ಟಲು ಮಾತ್ರ ತುಂಬಿದ್ದು ತುಂಬಿದಂತೆಯೇ ಒಳಗೆ ಬರುತ್ತಿತ್ತು. ಮಾತಿನ ಭರದಲ್ಲಿ ಮರೆಯುತ್ತಾಳೆ ಅಂದುಕೊಂಡಿದ್ದೆ.

ಎಂಟನೆಯದೋ ಒಂಬತ್ತನೆಯದೋ ದಿನ. ಅಡುಗೆಮನೆಯಲ್ಲಿದ್ದೆ. ಎಷ್ಟೋ ದಿನದಿಂದ ಕೇಳದಿದ್ದ ದನಿ ಕೇಳಿಸಿತು.

"ನೀ ಯಾಕ ಕುಡೀವಲ್ಲಿ?"

ಓಡಿ ಬಂದೆ. ಯಜಮಾನರು ಗೋಡೆ ಬಿಟ್ಟು ತಂಗಿಯ ಕಡೆ ತಿರುಗಿ ಕೂತಿದ್ದರು.

"ಗಂಟಲದಾಗ ಇಳೀವಲ್ದು ಅಣ್ಣಾ," ಎಂದಳು ಅವಳು. "ನೀ ಹಿಂಗ ಕುಂತಾಗಿಂದ."

ಅವರು ತಮ್ಮ ಬಟ್ಟಲನ್ನೆತ್ತಿ ಅವಳ ಬಾಯಿಗೆ ಹಿಡಿದರು. "ಕುಡಿ. ಆಮ್ಯಾಲ ನಾ ಕುಡೀತೇನಿ."

ಅವಳು ಒಂದು ಗುಟುಕು ಕುಡಿದಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅದೇ ಬಟ್ಟಲಿಗೆ ಅವರೂ ಬಾಯಿ ಹಚ್ಚಿ, ತಳ ಕಾಣುವ ತನಕ ಕುಡಿದರು.