ಗಾಡಿಯ ಮನೆತನ

ನಮ್ಮ ಸೋದರಮಾವ ಒಂದು ವಸ್ತುವನ್ನು ಕೊಳ್ಳಲು ಎಷ್ಟು ದಿನ ಹಿಡಿಯುತ್ತಾನೆಂದರೆ, ಅಷ್ಟರಲ್ಲಿ ಬೇರೆಯವರು ಅದನ್ನು ಕೊಂಡು, ಬಳಸಿ, ಗುಜರಿಗೆ ಹಾಕಿ ಬಂದಿರುತ್ತಾರೆ! ಸುಳ್ಳೆನ್ನಬೇಡಿ. ಬದನೆಕಾಯಿ ತರಲು ಲಿಂಗಸುಗೂರಿನ ಸಂತೆಗೆ ಹೋದರೂ ಅವನಿಗೆ ಗಿಡ ಯಾವ ಹೊಲದ್ದು, ನೀರು ಬಾವಿಯದೋ ಹಳ್ಳದ್ದೋ, ಕಾಯಿ ಕಿತ್ತವರು ಯಾರು, ಎಲ್ಲ ಗೊತ್ತಾಗಬೇಕು. ಒಮ್ಮೆ ಮಾರುವಾಕೆ ತಕ್ಕಡಿ ಕೆಳಗಿಟ್ಟು, “ಯಣ್ಣಾ, ನಿಮ್ಮ ಮನ್ಯಾಗ ಅಡಗಿ ಮಾಡೂದು ಇವತ್ತೋ, ಬರೂ ಸಂತಿಗೋ?” ಎಂದಿದ್ದಳಂತೆ.

ಇಂಥವನು ಹಳೆಯ ಗಾಡಿ ಕೊಳ್ಳಲು ಹೊರಟ!

ಕಾರಣ ನನ್ನ ಅವ್ವ. ಮಾವನಿಗಿದ್ದ ಒಬ್ಬಳೇ ತಂಗಿ. ಅವಳನ್ನು ಕೊಟ್ಟದ್ದು ಸಿಂಧನೂರಿನ ಕಡೆಯ ಒಂದು ಕಪ್ಪು ಎರೆಮಣ್ಣಿನ ಊರಿಗೆ. ನಾಲ್ಕು ಹನಿ ಬಿದ್ದರೆ ಸಾಕು, ನಮ್ಮೂರಿನ ಮಣ್ಣು ಚಪ್ಪಲಿ ನುಂಗಿ, ಬಂಡಿಯ ಗಾಲಿ ಹಿಡಿದು, “ಎಲ್ಲಿ ಹೊಂಟೀರಿ, ಕೂಡ್ರಿ” ಎನ್ನುತ್ತದೆ. ಪಂಚಮಿ ಬರುವುದಾದರೂ ಯಾವಾಗ? ಶ್ರಾವಣದ ಮಳೆಯಲ್ಲಿ! ಊರಿನ ಸೊಸೆಯಂದಿರೆಲ್ಲ ತವರಿಗೆ ಹೋಗಿ ಜೋಕಾಲಿ ಜೀಕುವ ಹಬ್ಬದಲ್ಲಿ ಅವ್ವ ಮಾತ್ರ ಹೊಸ್ತಿಲಲ್ಲಿ ನಿಂತು ಕೆಸರು ನೋಡುತ್ತಿದ್ದಳು. ಮದುವೆಯಾದ ವರ್ಷ ನಾನು ಹೊಟ್ಟೆಯಲ್ಲಿ, ಮರುವರ್ಷ ಕಂಕುಳಲ್ಲಿ, ಆಮೇಲೆ ನನ್ನ ಜಾಗಕ್ಕೆ ನನ್ನ ತಮ್ಮ. ಬಸ್ಸಿನ ದಾರಿಯವರೆಗೆ ಮೂರು ಮೈಲು ಆ ಕೆಸರಿನಲ್ಲಿ ಹೇಗೆ ನಡೆದಾಳು? ಬೇಸಿಗೆಯಲ್ಲಿ ಹೋಗಿ ಬರುತ್ತಿದ್ದಳು, ನಿಜ. ಆದರೆ ಪಂಚಮಿಗೆ ಹೋಗದ ತವರು ತವರೇ? ಮಾವನೇ ವರ್ಷಾವರ್ಷ ಧೋತರ ಎತ್ತಿ ಕಟ್ಟಿ, ಎಳ್ಳು-ಶೇಂಗಾ ಉಂಡಿಯ ಗಂಟು ತಲೆಯ ಮೇಲಿಟ್ಟುಕೊಂಡು ಬಂದು, ಒಬ್ಬನೇ ಹಿಂದಿರುಗುತ್ತಿದ್ದ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಯಾರೋ ಅವನಿಗೆ ಕೆಸರಿನಲ್ಲೂ ಓಡುವ ‘ಫೋರ್‌ವೀಲ್’ ಗಾಡಿಯ ಸುದ್ದಿ ಹೇಳಿದರು. ಸಿಂಧನೂರಿನ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ಅಂಥದೊಂದು ಮಾರಾಟಕ್ಕೆ ನಿಂತಿತ್ತು. ಜೀಪಿನ ಮೋರೆ, ಕಾರಿಗಿಂತ ಉದ್ದನೆಯ ಮುಚ್ಚಿದ ಮೈ, ಹಿಂದೆ ಅಲಮಾರಿಗಿರುವಂಥ ಬಾಗಿಲು. ಒಳಗೆ ಅರ್ಧ ಮದುವೆ ದಿಬ್ಬಣ ಹಿಡಿಸುತ್ತಿತ್ತು.

“ಫೋರ್‌ವೀಲ್ ಐತ್ರೀ ಇದು” ಎಂದರು ಗಿರಣಿಯ ಮಾಲೀಕರು ಹೆಮ್ಮೆಯಿಂದ.

“ನಾಕು ಗಾಲಿ ಇರಲಾರದ ಕಾರು ಎಲ್ಲಿ ನೋಡೀರಿ ನೀವು?” ಎಂದ ಮಾವ.

“ಹಂಗಲ್ರೀ ಸಾವ್ಕಾರ್ರ. ಬ್ಯಾರೆ ಗಾಡ್ಯಾಗ ಹಿಂದಿನ ಎರಡು ಗಾಲಿ ದುಡಿತಾವ, ಮುಂದಿನವು ಸುಮ್ನ ಜೋಡಿ ಬರ್ತಾವ. ಇದರಾಗ ನಾಕೂ ದುಡಿತಾವ್ರೀ.”

ಮಾವ ಬಗ್ಗಿ ನಾಲ್ಕೂ ಗಾಲಿ ಎಣಿಸಿದ. “ಹಂಗಾದ್ರ ಇದು ನಮ್ಮ ಮನ್ಯಾಗ ಹುಟ್ಟಿದ್ದಲ್ಲ ಬಿಡ್ರಿ. ನಾವೂ ನಾಕು ಮಂದಿ ಅಣ್ತಮ್ರು ಅದೀವಿ, ದುಡಿಯೋರು ಇಬ್ರs.”

ಮಾವನದು ಲಿಂಗಸುಗೂರಿನಲ್ಲಿ ಭಾಂಡೆ ಅಂಗಡಿ. ಕೊಡವೋ ಪರಾತವೋ, ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳದೆ ಅವನು ಮಾಲು ಇಳಿಸಿಕೊಂಡವನಲ್ಲ. ಗಾಡಿಯನ್ನೂ ಹಾಗೇ ಬಡಿಯುತ್ತ ಒಂದು ಸುತ್ತು ಬಂದ. ಮೂರು ಕಡೆ ನಿಂತು, “ಇಲ್ಲಿ ಲಪ್ಪ ತುಂಬ್ಯಾರ” ಎಂದ. ಕೆರೆದು ನೋಡಿದರೆ ಹೌದು, ಬಣ್ಣದ ಕೆಳಗೆ ನೆಗ್ಗು ಮುಚ್ಚಲು ಮೆತ್ತಿದ ಲಪ್ಪ! ಗಾಡಿ ಮೂರು ಸಲ ಗುದ್ದಿಸಿಕೊಂಡಿದ್ದು ಗಿರಣಿಯವರಿಗೇ ಗೊತ್ತಿರಲಿಲ್ಲ. ಪಾಪ, ಅವರು ತಮ್ಮ ಡ್ರೈವರನ ಕಡೆ ತಿರುಗಿ ನೋಡಿದರು. ಡ್ರೈವರ್ ಆಕಾಶ ನೋಡಿದ.

ಇಷ್ಟಾದ ಮೇಲೆ ಯಾರಾದರೂ ಬೇಕು ಎನ್ನುತ್ತಾರೆ, ಇಲ್ಲವೇ ಬೇಡ ಎನ್ನುತ್ತಾರೆ. ಮಾವ ಎಂದದ್ದು, “ಇದರ ಮನೆತನ ವಿಚಾರಸ್ಬೇಕು.”

ಹಿಂದಿನ ಮಾಲೀಕ ಗುರುಗುಂಟಾದ ಒಬ್ಬ ಕುರಿ ವ್ಯಾಪಾರಿ. ಮಾವ ಬಸ್ಸು ಹತ್ತಿ ಅಲ್ಲಿಗೆ ಹೋದ. ವ್ಯಾಪಾರಿ ಗಾಡಿಯನ್ನು ಹೊಗಳಿದ್ದೇ ಹೊಗಳಿದ್ದು. ಮಾವನಿಗೆ ಅನುಮಾನ ಹೆಚ್ಚಾಯಿತು.

“ಒಂದರೆ ಕೊರತಿ ಇರ್ಬೇಕಲ್ಲೋ?”

“ಒಂದೈತ್ರೀ. ಒಮ್ಮಿ ಕುರಿ ಹತ್ತಿದ್ವು ಅಂದ್ರ ಇಳಿಯಾಕ ಒಲ್ಲೆ ಅಂತಿದ್ವು!”

ಮಾವ ಮೂಗು ಮುಚ್ಚಿಕೊಂಡು ಬಂದರೂ, ಇದನ್ನು ಗಾಡಿಯ ಗುಣದ ಪಟ್ಟಿಗೇ ಸೇರಿಸಿದ.

ಗಾಡಿ ಹುಟ್ಟಿ ಬೆಳೆದದ್ದು ಚಿನ್ನದ ಗಣಿಯ ಹಟ್ಟಿಯಲ್ಲಿ, ಒಬ್ಬ ಗುತ್ತಿಗೆದಾರನ ಬಳಿ. ಆತ ಊರು ಬಿಟ್ಟಿದ್ದ. ಆದರೆ ಅದನ್ನು ಹತ್ತು ವರ್ಷ ಓಡಿಸಿದ ಡ್ರೈವರ್ ಅಲ್ಲೇ ಇದ್ದ. ಮಾವ ಅವನ ಮನೆ ಹುಡುಕಿ ಕೂತದ್ದು ಬೆಳಗಿನ ಹೊತ್ತು. ಎದ್ದದ್ದು ಮಧ್ಯಾಹ್ನದ ಶಿಫ್ಟಿಗೆ ಸೈರನ್ ಕೂಗಿದಾಗ. ಏಕೆ ಗೊತ್ತೇ? ಮಾವ ಒಂದು ಪ್ರಶ್ನೆ ಕೇಳುವಷ್ಟರಲ್ಲಿ ಆ ಮುದುಕ ಹತ್ತು ಕೇಳಿದ್ದ! “ಎಲ್ಲೈತ್ರೀ ಈಗ? ಚಂದ ಇಟ್ಟಾರೇನ್ರಿ? ನಿಮ್ಮ ಮನಿ ಮುಂದ ನೆಳ್ಳು ಐತೋ ಇಲ್ಲೋ? ಯಾರು ಓಡಸವ್ರು? ಕುಡಿತೀರೇನ್ರಿ?” ಮಾವ ಎಲ್ಲಕ್ಕೂ ಪರೀಕ್ಷೆಗೆ ಕೂತ ಹುಡುಗನ ಹಾಗೆ ಉತ್ತರ ಕೊಟ್ಟ. ಕೊನೆಗೆ ಮುದುಕ, “ಆತ್ರಿ, ವಿಚಾರ ಮಾಡಿ ಕಾಗದ ಬರಿತೀನಿ” ಎಂದ.

ಗಾಡಿ ಅವನದಲ್ಲ! ಎಂದೂ ಅವನದಾಗಿರಲಿಲ್ಲ! ಆದರೂ ಮಾವ, “ಮನುಷ್ಯಾ ಅಂದ್ರ ಅವ ನೋಡು!” ಎಂದು ಕುಣಿಯುತ್ತ ಬಂದು, ಕಾಗದಕ್ಕಾಗಿ ಕಾದು ಕೂತ.

ಕಾಗದ ಬರುವಷ್ಟರಲ್ಲಿ ಪಂಚಮಿ ಬಂದು ಹೋಯಿತು. ಆ ವರ್ಷವೂ ಮಾವ ಧೋತರ ಎತ್ತಿ ಕಟ್ಟಿ ನಡೆದೇ ಬಂದ. ಅವ್ವ ಉಂಡಿಯ ಗಂಟನ್ನು ಬಿಚ್ಚಲೂ ಇಲ್ಲ.

“ನೀ ಗಾಡಿ ಮನೆತನ ವಿಚಾರಸೂದ್ರಾಗ ನಾ ಮುದುಕಿ ಆಗ್ತೀನಿ. ಬರೂ ಪಂಚಮಿಗಿ ಗಾಡಿ ಬರಲಿಲ್ಲಂದ್ರ ನೀನೂ ಬರಬ್ಯಾಡಣ್ಣಾ” ಎಂದಳು. ಅಳುತ್ತಿದ್ದಳು. ಮಾವ ಊಟಕ್ಕೂ ನಿಲ್ಲದೆ ಹೋದ. ನನಗೆ ಅವನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಉಂಡಿ ತಿನ್ನುವುದಿಲ್ಲ ಎಂದು ಆಣೆ ಮಾಡಿ, ಸಂಜೆಗೆ ನಾಲ್ಕೇ ನಾಲ್ಕು ತಿಂದೆ.

ಮುಂದಿನ ಶ್ರಾವಣ. ಮೂರು ದಿನದ ಜಡಿಮಳೆ. ಹಬ್ಬಕ್ಕೆ ಮುಂಚಿನ ರೊಟ್ಟಿ ಪಂಚಮಿಯ ದಿನ ಮಧ್ಯಾಹ್ನ ಊರ ಹೊರಗೆ ಏನೋ ಗುರುಗುಟ್ಟುವ ಸದ್ದು ಕೇಳಿ ಮಂದಿಯೆಲ್ಲ ಹೊರಬಿದ್ದರು. ಕೆಸರಿನಲ್ಲಿ ಅತ್ತ ಜಾರುತ್ತ, ಇತ್ತ ಜಾರುತ್ತ, ನಾಲ್ಕೂ ಗಾಲಿ ದುಡಿಸುತ್ತ ಉದ್ದನೆಯ ಗಾಡಿ ಬಂದು ನಮ್ಮ ಕಟ್ಟೆಯ ಮುಂದೆ ನಿಂತಿತು! ಓಡಿಸುತ್ತಿದ್ದವನು ಮಾವನೇ; ಹಟ್ಟಿಯ ಮುದುಕ “ತಗೋರಿ” ಎಂದು ಕಾಗದ ಬರೆದು, ಓಡಿಸುವುದನ್ನೂ ಕಲಿಸಿದ್ದನಂತೆ. ಅವ್ವ ಒಳಗೆ ಓಡಿದಳು. ಸಂತೋಷಕ್ಕಲ್ಲ, ಟ್ರಂಕು ತರಲು. ಅಪ್ಪನನ್ನು ಕೇಳಿದಳೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಅವ್ವ ಮುಂದೆ, ತಮ್ಮ ಅವಳ ತೊಡೆಯ ಮೇಲೆ, ನಾನು ಹಿಂದೆ ಟ್ರಂಕಿನ ಪಕ್ಕ. ಊರು ದಾಟಿದೆವು. ಮಾವ ಎರಡೂ ಕೈಯಲ್ಲಿ ಸ್ಟೇರಿಂಗ್ ಅವುಚಿಕೊಂಡು, ದಾರಿಯಿಂದ ಕಣ್ಣು ಕೀಳದೆ ಒಮ್ಮೆಲೇ ಶುರುಮಾಡಿದ.

“ತಂಗೀ, ನಿನ್ನ ಕೊಡೂವಾಗ ಈ ಮನಿ ನೋಡಾಕ ಬಂದಾವ ನಾನs. ಬ್ಯಾಸಗಿ ದಿನ. ದಾರಿ ಗಚ್ಚಿನಂಗ ಗಟ್ಟಿ ಇತ್ತು. ಹೊಲ ಕೇಳಿದೆ, ಎತ್ತು ಕೇಳಿದೆ, ಹುಡುಗನ ಗುಣ ಕೇಳಿದೆ. ಮಳಿಗಾಲದಾಗ ದಾರಿ ಹೆಂಗಿರತೈತಿ ಅಂತ ಒಂದು ಮಾತು ಕೇಳಲಿಲ್ಲ. ಆವತ್ತಿಂದ ನನಗ ಏನು ತಗೊಳ್ಳಾಕ ಹೋದ್ರೂ ಅಂಜಿಕಿ, ಕೇಳೂದು ಏನರೆ ಉಳೀತೇನೋ ಅಂತ.”

ಅವ್ವ ತಮ್ಮನನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡಳು. ಆಮೇಲೆ ಕೇಳಿದಳು, “ಕೇಳಿದ್ರ ನನ್ನ ಈ ಊರಿಗಿ ಕೊಡ್ತಿದ್ದೇನು?”

“ಎಲ್ಲೀದು! ಎದ್ದು ಬರ್ತಿದ್ದೆ.”

“ಮತ್ತ ಇಕಿ ಎಲ್ಲಿಂದ ಬರ್ತಿದ್ದಳು?” ಎಂದು ಅವ್ವ ಹಿಂದೆ ಕೈ ಚಾಚಿ ನನ್ನ ತಲೆ ಸವರಿದಳು.

ಎರೆ ಕೆಸರಿನ ನಟ್ಟನಡುವೆ ಯಾರಾದರೂ ಗಾಡಿ ನಿಲ್ಲಿಸುತ್ತಾರೆಯೇ? ಮಾವ ನಿಲ್ಲಿಸಿದ. ಹಿಂದಕ್ಕೆ ತಿರುಗಿ, ನನ್ನನ್ನು ಆವತ್ತೇ ಮೊದಲ ಸಲ ಕಂಡವನ ಹಾಗೆ ನೋಡುತ್ತ ಕೂತ. ಅವನ ಕಣ್ಣು ತುಂಬಿದ್ದವು.

“ಅಲ್ಲಿ ಯಾಕ ಕುಂತೀ ನನ್ನವ್ವಾ,” ಎಂದ, “ಮುಂದ ಬಾ. ನನ್ನ ಬಾಜೂಕ ಕೂಡು.”